ಅಂಚು ಬಿಟ್ಟ ಕಲ್ಲು

ಕಲ್ಲನ್ನು ಚಕ್ರಕ್ಕೆ ತಾಗಿಸುವ ಮೊದಲೇ ಸಣ್ಣನ ಅಂಗೈ ಬೆವರತೊಡಗಿತ್ತು. ಹತ್ತೊಂಬತ್ತು ವರ್ಷ ಇದೇ ಸ್ಟೂಲಿನ ಮೇಲೆ ಕೂತು, ಇದೇ ಮೋಟಾರಿನ ಗುಂಯ್ ಸದ್ದಿನಲ್ಲಿ, ದಿನಕ್ಕೆ ಹತ್ತು ಹನ್ನೆರಡು ಕಲ್ಲು ಉಜ್ಜಿದ ಕೈ ಅದು. ಇವತ್ತು ಮೊದಲ ಸಲ ಪೆನ್ಸಿಲ್ ಹಿಡಿದವರ ಕೈಯಂತೆ ಆಡುತ್ತಿತ್ತು. ಕಲ್ಲಿನಲ್ಲಿ ಏನೂ ಐಬಿರಲಿಲ್ಲ. ಹಸಿರು ಅಗೇಟಿನ ಒಂದು ಬಿಲ್ಲೆ, ಅಂಗೈಯ ಅರ್ಧದಷ್ಟು ಅಗಲ. ಮೂರು ಕಡೆ ಗರಗಸ ಕೊಯ್ದ ನೇರ ಮೈ. ನಾಲ್ಕನೆಯ ಕಡೆ ಮಾತ್ರ ನೆಲದೊಳಗೆ ಹೇಗಿತ್ತೋ ಹಾಗೇ ಇತ್ತು: ಹೊರಗೆ ಕಂದು ಸಿಪ್ಪೆ, ಸಿಪ್ಪೆಯ ಒಳಗೆ ಸಕ್ಕರೆ ಚೆಲ್ಲಿದಂಥ ಒಂದು ಬಿಳಿ ಪಟ್ಟಿ, ಅದರಾಚೆ ಹಸಿರು. ಈ ನಾಲ್ಕನೆಯ ಅಂಚನ್ನು ಮುಟ್ಟಕೂಡದು. ಬೆನ್ನು ಉಬ್ಬಿ ಹೊಟ್ಟೆ ಚಪ್ಪಟೆಯಾದ ಇಂಥ ಕಲ್ಲಿಗೆ ವ್ಯಾಪಾರದವರು ಕ್ಯಾಬೊಷಾನ್ ಅನ್ನುತ್ತಾರೆ, ಈ ಸಾಣೆ ಕೋಣೆಯಲ್ಲಿ ಅದು ಬರೀ ಕ್ಯಾಬ್. ಕ್ಯಾಬ್ ಎಂದರೆ ಸುತ್ತ ಅಂಚು ಕಟ್ಟಿರಬೇಕು, ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಇದರಲ್ಲಿ ಮೂರು ಕಡೆ ಉಜ್ಜಿ, ಬೆನ್ನು ಉಬ್ಬಿಸಿ, ಮೆರುಗು ಕೊಟ್ಟು, ಆ ಒಂದು ಕಡೆ ಬಂದಾಗ ಕೈ ನಿಲ್ಲಿಸಿಬಿಡಬೇಕು. ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದ್ದಕ್ಕೆ ಕಲ್ಲು ಕೊಟ್ಟ ಮೇಡಂ, ಅದು ನಿಮಗೇ ಗೊತ್ತಾಗುತ್ತೆ ಎಂದು ನಕ್ಕಿದ್ದರು. ಆ ಒಂದು ಮಾತು ಅವನನ್ನು ಒಂದು ವಾರ ಸರಿಯಾಗಿ ಊಟ ಮಾಡಲು ಬಿಟ್ಟಿರಲಿಲ್ಲ.

ಗೊತ್ತಾಗುವುದು ಹೇಗೆ? ಈ ಕೋಣೆಯಲ್ಲಿ ಗೆರೆ ಎಳೆಯುವವನು ಭಾವ. ತೂತು ಕೊರೆದ ತಗಡಿನ ಅಚ್ಚನ್ನು ಬಿಲ್ಲೆಯ ಮೇಲಿಟ್ಟು, ಅಲ್ಯೂಮಿನಿಯಂ ಕಡ್ಡಿಯ ಮೊನೆಯಿಂದ ಒಳಸುತ್ತು ಗೆರೆ ಎಳೆದು ಭಾವ ಕೊಡುತ್ತಾನೆ. ಸಣ್ಣ ಆ ಗೆರೆಯವರೆಗೆ ಉಜ್ಜುತ್ತಾನೆ. ಗೆರೆಯಾಚೆ ಒಂದು ಕೂದಲಿನಷ್ಟು ಕಲ್ಲು ಉಳಿಯಕೂಡದು, ಗೆರೆಯೂ ಅಳಿಯಕೂಡದು. ಇದು ಅವನಿಗೆ ಕಣ್ಣು ಮುಚ್ಚಿಕೊಂಡು ಬರುವ ಕೆಲಸ. ಅವನ ಊಟದ ಹೊತ್ತು, ಅವನ ಕೋಣೆಯ ದೀಪ ಆರಿಸುವ ಹೊತ್ತು, ಅವನು ಯಾವ ಅಂಗಿ ಹಾಕಿಕೊಂಡರೆ ಗಿರಾಕಿಗಳೆದುರು ಚೆನ್ನ, ಎಲ್ಲಕ್ಕೂ ಭಾವ ಯಾವಾಗಲೋ ಗೆರೆ ಎಳೆದಾಗಿತ್ತು, ಮತ್ತು ನಿಜ ಹೇಳಬೇಕೆಂದರೆ ಸಣ್ಣನಿಗೆ ಅದರಿಂದ ಅಂಥ ತೊಂದರೆಯೇನೂ ಆಗಿರಲಿಲ್ಲ. ಮೂವತ್ತೆಂಟು ದಾಟಿದ, ಕಿವಿಯ ಹತ್ತಿರ ನರೆ ಬಂದ ಗಂಡಸನ್ನು ಮನೆಯವರೂ ಬೀದಿಯವರೂ ಇನ್ನೂ ಸಣ್ಣ ಅಂತಲೇ ಕರೆಯುತ್ತಿದ್ದರು. ಅದಕ್ಕೆ ಅವನು ಓಗೊಡುತ್ತಲೂ ಇದ್ದ. ಮನೆಯಲ್ಲಿದ್ದವರೇ ಮೂರು ಜನ: ಅಕ್ಕ, ಭಾವ, ಮಹಡಿಯ ಕೋಣೆಯಲ್ಲಿ ಅವನು. ಕೆಳಗೆ ಮುಂದಿನ ಕೋಣೆಯೇ ಸಾಣೆ ಕೋಣೆ, ಅದನ್ನು ದಾಟಿದರೆ ಅಡುಗೆಮನೆ. ಎರಡಕ್ಕೂ ನಡುವೆ ಬಾಗಿಲಿಲ್ಲ, ಒಂದು ಪರದೆ.

ಮೇಡಂ ಆಭರಣ ಮಾಡುವಾಕೆ. ಬೇರೆ ಊರಿನಲ್ಲಿ ಅವರದೇ ದೊಡ್ಡ ಕೆಲಸದ ಮನೆಯಿದೆಯಂತೆ. ಹೋದ ವಾರ ಬಂದವರು ಭಾವ ಬಿಡಿಸಿ ತೋರಿಸಿದ ಕಲ್ಲುಗಳನ್ನೆಲ್ಲ ಒಂದು ಸುತ್ತು ನೋಡಿ, ಇದೆಲ್ಲ ಬೇಡ, ನನಗೆ ಅಂಚು ಬಿಟ್ಟ ಕಲ್ಲು ಬೇಕು ಅಂದರು. ಭಾವನಿಗೆ ಮೊದಲು ಅರ್ಥವಾಗಲಿಲ್ಲ, ಆದಮೇಲೆ ನಗು ತಡೆಯಲಾಗಲಿಲ್ಲ. ಸಿಪ್ಪೆ ಸಮೇತ ಕಲ್ಲನ್ನು ಕೊರಳಿಗೆ ಹಾಕಿಕೊಳ್ಳುವುದೆಂದರೆ ಮುಖ ತೊಳೆಯದೆ ಮದುವೆಗೆ ಹೋದ ಹಾಗಲ್ಲವಾ ಮೇಡಂ, ಅಂದ. ಅವರು ನಗಲಿಲ್ಲ. ಸ್ಟೂಲಿನ ಮೇಲೆ ಮೊಣಕೈವರೆಗೆ ಕೆಸರು ಮಾಡಿಕೊಂಡು ಕೂತಿದ್ದ ಸಣ್ಣನ ಕಡೆ ತಿರುಗಿ, "ನೀವು ಮಾಡ್ತೀರಾ?" ಎಂದು ಕೇಳಿದರು. ಆ ಕೋಣೆಯಲ್ಲಿ ಅವನನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿದ್ದಿಲ್ಲ. ಯಾರನ್ನು ಕೇಳುತ್ತಿದ್ದಾರೆ ಎಂದು ಅವನು ಹಿಂದೆ ತಿರುಗಿ ನೋಡಿದ್ದು ಅವನಿಗೆ ಈಗಲೂ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಒಂದು ಬಿಲ್ಲೆ ಕೊಟ್ಟು, ಬುಧವಾರ ನಾಲ್ಕು ಗಂಟೆಗೆ ಬರುತ್ತೇನೆ, ಇದು ಸರಿಬಂದರೆ ನಮ್ಮಲ್ಲಿಗೇ ಬಂದುಬಿಡಿ, ಇರುವುದಕ್ಕೆ ಕೋಣೆಯೂ ಇದೆ ಎಂದರು. ಅವರೆದುರು ಭಾವ, ಧಾರಾಳವಾಗಿ ಕರ್ಕೊಂಡು ಹೋಗಿ ಮೇಡಂ, ಅಂದ. ಅವರು ಹೋದ ಮೇಲೆ ನಾಲ್ಕು ದಿನ ಸಣ್ಣನ ಹತ್ತಿರ ಮಾತಾಡಲಿಲ್ಲ. ಗೆರೆ ಎಳೆದ ಬಿಲ್ಲೆಗಳನ್ನು ಮೇಜಿನ ಮೇಲೆ ಟಕ್ ಎಂದು ಇಟ್ಟು ಹೋಗುತ್ತಿದ್ದ.

ಆ ಬುಧವಾರ ಇವತ್ತು. ಸಣ್ಣ ಕಲ್ಲಿನ ಹೊಟ್ಟೆಗೆ ಅರಗು ಹಚ್ಚಿ, ಹಿಡಿಯಲು ಒಂದು ಮರದ ಕಡ್ಡಿಗೆ ಕೂರಿಸಿದ. ನೀರು ಬಿಟ್ಟ. ಚಕ್ರದ ಮೇಲೆ ಒಂದು ತಗಡಿನ ಮರೆ, ಅದರ ಬಲಗಡೆಯ ತೂತಿನಿಂದ ಸಣ್ಣ ನಳಿಗೆಯಲ್ಲಿ ನೀರು ತೊಟ್ಟಿಕ್ಕುತ್ತದೆ. ಎಡಗಡೆಯೂ ಒಂದು ತೂತಿದೆ, ಅದಕ್ಕೆ ಬಟ್ಟೆ ತುರುಕಿದೆ. ಆ ಬಟ್ಟೆಯನ್ನು ತುರುಕಿದ್ದು ಅವನೇ, ಸ್ಟೂಲಿಗೆ ಬಂದು ಕೂತ ಮೊದಲ ದಿನ. ಅದಕ್ಕೂ ಮೊದಲು ಎಂಟು ವರ್ಷ ಅಲ್ಲಿ ಕೂತಿದ್ದವಳು ಅಕ್ಕ. ಅಕ್ಕನದು ಎಡಗೈ. ಅವಳಿಗಾಗಿ ಅಪ್ಪ ಎಡಗಡೆ ತೂತು ಕೊರೆದಿದ್ದ. ಹದಿನಾಲ್ಕು ವರ್ಷದ ಹುಡುಗಿ ಕಲ್ಲನ್ನು ಚಕ್ರಕ್ಕೆ ಕೊಟ್ಟು, ತಲೆ ಒಂಚೂರು ವಾಲಿಸಿ, ಕಣ್ಣಿಂದ ನೋಡದೆ ಕಿವಿಯಿಂದ ಕೇಳಿ ಕೆಲಸ ಮಾಡುತ್ತಿದ್ದಳು. ಕಲ್ಲು ಸರಿಯಾಗಿ ಕೂತರೆ ಸದ್ದೇ ಬೇರೆ ಎನ್ನುತ್ತಿದ್ದಳು. ಅಪ್ಪ ಬಂದವರೆದುರು ಅವಳ ಕಲ್ಲುಗಳನ್ನು ತನ್ನವೆಂದು ತೋರಿಸುತ್ತಿದ್ದ. ಹಾಗೆ ತೋರಿಸುವಾಗ ಅಪ್ಪನ ಮುಖದಲ್ಲಿರುತ್ತಿದ್ದ ಕಳೆ ಸಣ್ಣನ ಯಾವ ಕಲ್ಲಿಗೂ ಬಂದದ್ದಿಲ್ಲ. ಕಂದು ಸಿಪ್ಪೆಯ ಕಡೆ ಹೆಬ್ಬೆರಳು ಅಡ್ಡ ಇಟ್ಟುಕೊಂಡು ಸಣ್ಣ ಮೊದಲ ಮೂರು ಅಂಚುಗಳನ್ನು ಒರಟು ಚಕ್ರಕ್ಕೆ ಕೊಟ್ಟ. ಬೂದು ಕೆಸರು ಮಣಿಕಟ್ಟಿನವರೆಗೆ ಇಳಿಯಿತು. ಹಿಂದೆ, ಅಕ್ಕನ ಮದುವೆಯಾಗಿ ಭಾವ ಮನೆಅಳಿಯನಾಗಿ ಬಂದು, ಮೂರು ದಿನ ಪರದೆಯ ಹತ್ತಿರ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡಿ, ನಾಲ್ಕನೆಯ ದಿನ ಊಟಕ್ಕೆ ಕೂತಾಗ ಮಾತು ತೆಗೆದ. ನಾಲ್ಕು ಜನ ಬರುವ ಜಾಗ, ಹೆಂಗಸು ಹೀಗೆ ಕೆಸರಲ್ಲಿ ಕೂತಿದ್ದರೆ ನೋಡುವುದಕ್ಕೆ ಏನು ಚೆಂದ ಮಾವ, ಅಂದ. ಅಪ್ಪ ಯಾರ ಮುಖವನ್ನೂ ನೋಡದೆ ಅನ್ನ ಕಲಸುತ್ತಲೇ ಇದ್ದ. ಆಮೇಲೆ ಸಣ್ಣನಿಗೆ, ನೀನು ಕೂತ್ಕೋತೀಯೇನೋ, ಎಂದು ಕೇಳಿದ. ಸಣ್ಣನಿಗೆ ಆಗ ಹತ್ತೊಂಬತ್ತು ವರ್ಷ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ದಂಡಕ್ಕೆ ಬಿದ್ದುಕೊಂಡಿದ್ದ ಕಾಲ. ಬಾಯಲ್ಲಿ ತುತ್ತಿತ್ತು. ಹೂಂ ಅಂದ. ಬಡಿಸುತ್ತಿದ್ದ ಅಕ್ಕನ ಕಡೆ ನೋಡಲಿಲ್ಲ.

ಅವಳು ಒಂದು ಜಗಳವಾಡಿದ್ದರೆ, ಒಂದು ಸಲ ನನ್ನ ಜಾಗ ಕಿತ್ತುಕೊಂಡೆ ಅಂತ ಬೈದಿದ್ದರೆ ಸಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಬದಲಿಗೆ ಅವಳು ಅವನಿಗೆ ದಿನವೂ ಬಿಸಿನೀರು ಕಾಯಿಸಿಟ್ಟಳು, ಕೆಸರಿನ ಅಂಗಿ ಒಗೆದಳು, ಬೆರಳ ಸಂದಿಯ ಬಿರುಕಿಗೆ ಎಣ್ಣೆ ಹಚ್ಚಿಕೋ ಎಂದು ನೆನಪಿಸಿದಳು. ಅಪ್ಪ ಹೋದಮೇಲೆ ಈ ಮನೆಯಲ್ಲಿ ಅವಳ ಹತ್ತಿರ ಮಾತಾಡುವವನು ಎಂದರೆ ಸಣ್ಣ ಒಬ್ಬನೇ. ಭಾವ ಹೆಂಡತಿಯ ಹತ್ತಿರ ಆಡುತ್ತಿದ್ದುದು ಮಾತಲ್ಲ, ಉಪ್ಪು ಕಡಿಮೆಯಾಯಿತು, ಬಾಗಿಲು ಹಾಕು, ಅಷ್ಟೇ. ಸಂಜೆ ಪಾತ್ರೆ ತೊಳೆಯುವ ಹೊತ್ತಿಗೆ ಸಣ್ಣ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅವತ್ತು ಯಾವ ಕಲ್ಲು ಬಂತು, ಯಾವುದರಲ್ಲಿ ಬಿರುಕಿತ್ತು, ಯಾವುದು ಕೈಕೊಟ್ಟಿತು ಎಂದು ವರದಿ ಒಪ್ಪಿಸುತ್ತಿದ್ದ, ಅವಳು ಬೆನ್ನು ಹಾಕಿಕೊಂಡೇ ಕೇಳುತ್ತಿದ್ದಳು. ಇವತ್ತು ಬೆಳಿಗ್ಗೆಯೂ ಹಾಗೇ ಹೇಳಿದ್ದ. ಮೇಡಂ ಕೊಟ್ಟ ಕಲ್ಲಿನಲ್ಲಿ ಒಂದು ಅಂಚು ಇದ್ದ ಹಾಗೇ ಉಳಿಯಬೇಕಂತೆ, ಅದೇ ಅದರ ಚೆಂದವಂತೆ. ಅವಳು ನಲ್ಲಿ ನಿಲ್ಲಿಸಿದಳು. ಸಿಪ್ಪೆ ಉದುರುವುದಿಲ್ಲವಾ ಎಂದು ಕೇಳಿದಳು. ತೆಳುವಾದ ಅಂಟು ಕುಡಿಸಿದ್ದೇನೆ ಎಂದ. ಹಿಂದಿನಿಂದ ಒಂಚೂರು ಇಳಿಜಾರು ತೆಗೆ, ಇಲ್ಲದಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತೆ, ಎಂದಳು. ಅದು ಅವನಿಗೆ ಹೊಳೆದಿರಲಿಲ್ಲ. ಆಮೇಲೆ ಅವಳು ಒಗೆದ ಬಟ್ಟೆ ಹಿಂಡುತ್ತ, "ಹೋಗ್ತೀಯ ಹಾಗಾದ್ರೆ," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ, ಆದ್ದರಿಂದ ಸಣ್ಣ ಉತ್ತರ ಹೇಳದೆ ತಪ್ಪಿಸಿಕೊಂಡ.

ಹಸಿ ಕಲ್ಲು ಸುಳ್ಳು ಹೇಳುತ್ತದೆ. ನೀರಿದ್ದಾಗ ಎಂಥ ಗೀರೂ ಕಾಣುವುದಿಲ್ಲ, ಮೈಯೆಲ್ಲ ಮೆರುಗೇ ಮೆರುಗು. ಒರೆಸಿ, ಉಸಿರು ಊದಿ, ಒಣಗಿದ ಮೇಲೆ ಬಣ್ಣ ಬಯಲಾಗುತ್ತದೆ. ಸಣ್ಣ ಒರೆಸಿದ, ಊದಿದ, ನೋಡಿದ, ಮತ್ತೆ ಚಕ್ರಕ್ಕೆ ಕೊಟ್ಟ. ಒರಟು ಚಕ್ರ ಮುಗಿದು ನಡುವಿನದು, ನಡುವಿನದು ಮುಗಿದು ನುಣುಪಿನದು. ಬೆನ್ನು ಏರುತ್ತ ಬಂತು. ಹಸಿರು ಬಿಳಿ ಪಟ್ಟಿಯ ಕಡೆಗೆ ಸರಿಯುತ್ತ ಬಂತು. ಪ್ರತಿ ಸುತ್ತಿಗೂ ಕೈ ತಾನಾಗಿ ಆ ನಾಲ್ಕನೆಯ ಅಂಚಿನ ಕಡೆ ಹೊರಳುತ್ತಿತ್ತು, ಪ್ರತಿ ಸಲವೂ ಅವನು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಸ್ವಂತ ಕೈಯ ಜೊತೆ ಹೀಗೆ ಗುದ್ದಾಡಬೇಕಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಇನ್ನು ಒಂದು ಸುತ್ತು ಅನ್ನಿಸಿತು. ಕೊಟ್ಟ. ಇನ್ನೊಂದು ಅನ್ನಿಸಿತು. ಆಗ, ಯಾಕೆಂದು ಅವನಿಗೂ ಗೊತ್ತಿಲ್ಲ, ಕೊಡಲಿಲ್ಲ. ಕಲ್ಲನ್ನು ಚಕ್ರದಿಂದ ಎತ್ತಿಕೊಂಡು ಕೂತುಬಿಟ್ಟ. ಮೆರುಗು ಪುಡಿ ಸವರಿದ ಚರ್ಮದ ಚಕ್ರದ ಮೇಲೆ ಕೊನೆಯ ಹದಕ್ಕೆ ತಂದು, ಒರೆಸಿ, ಕಿಟಕಿಗೆ ಹಿಡಿದ. ಹಸಿರು ಬೆನ್ನು ನಿಧಾನವಾಗಿ ಇಳಿದು ಬಂದು ಬಿಳಿಯಲ್ಲಿ ಕರಗಿ, ಅಲ್ಲಿಂದ ಒಮ್ಮೆಗೇ ಒರಟು ಕಂದು. ಮಾಡಿದ ಕಡೆ ಮಾಡಿದ್ದು, ಬಿಟ್ಟ ಕಡೆ ಬಿಟ್ಟದ್ದು. ಯಾರೂ ಗೆರೆ ಎಳೆದಿರಲಿಲ್ಲ. ಅವನಿಗೆ ಸಂತೋಷವಾಯಿತು, ಮತ್ತು ಯಾರಾದರೂ ನೋಡಿಬಿಟ್ಟಾರೆಂದು ನಾಚಿಕೆಯೂ ಆಯಿತು.

ಊಟವಾಗಿ ಎರಡು ಗಂಟೆಗೆ ಭಾವ ಮಲಗಿದ. ದಿನವೂ ಎರಡರಿಂದ ಮೂರೂವರೆಯವರೆಗೆ ಅವನ ನಿದ್ದೆ, ಅದೂ ಮೋಟಾರು ಓಡುತ್ತಿದ್ದರೆ ಮಾತ್ರ. ಸದ್ದು ನಿಂತ ಮರುಕ್ಷಣ ಎದ್ದು ಕೂತು, ಏನಾಯ್ತು, ಯಾಕೆ ನಿಲ್ಲಿಸಿದೆ ಎನ್ನುವ ಆಸಾಮಿ. ಸಣ್ಣ ಕಲ್ಲನ್ನು ಕಡ್ಡಿ ಸಮೇತ ಮೇಜಿನ ಮೇಲೆ ನಿಲ್ಲಿಸಿದ. ಸಲೂನಿನಿಂದ ಬಂದ ಮೇಲೆ ಫ್ರಿಜ್ಜಿನಲ್ಲಿ ಹತ್ತು ನಿಮಿಷ ಇಟ್ಟರೆ ಅರಗು ತಾನಾಗಿ ಬಿಡುತ್ತದೆ. ಕ್ಷೌರ ಮಾಡಿಸಿಕೊಂಡು ಬರುತ್ತೇನೆ, ಮೋಟಾರು ಆರಿಸಬೇಡ, ಎಂದು ಪರದೆಯಾಚೆಗೆ ಅಕ್ಕನಿಗೆ ಹೇಳಿ ಹೊರಟ. ಸಲೂನಿನಲ್ಲಿ ಅವನ ಮುಂದೆ ಇಬ್ಬರಿದ್ದರು. ಕನ್ನಡಿಯೆದುರು ಕೂತಾಗ ಕ್ಷೌರಿಕ, ಏನು ಸ್ವಾಮಿ, ಹುಡುಗಿ ನೋಡೋಕೆ ಹೊರಟಿದ್ದೀರಾ, ಎಂದು ಕೇಳಿದ. ಬೆಂಚಿನ ಮೇಲಿದ್ದವರು ನಕ್ಕರು. ಸಣ್ಣನೂ ನಕ್ಕ. ಕೆಲಸ ಸಿಗುವ ಹಾಗಿದೆ ಎಂದು ಹೇಳಿದ, ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಇಷ್ಟು ವರ್ಷ ಮಾಡುತ್ತಿದ್ದುದು ಕೆಲಸವಲ್ಲವಾ ಎಂದು ಬೆಂಚಿನವನೊಬ್ಬ ಕೇಳಿದ. ಕತ್ತರಿಯ ಸದ್ದಿನಲ್ಲಿ ಕಣ್ಣು ಮುಚ್ಚಿಕೊಂಡು ಅವನು ಆ ಇನ್ನೊಂದು ಊರಿನ ಕೋಣೆಯನ್ನು ನೋಡಿದ. ಒಂದು ಮಂಚ, ಒಂದು ಕಿಟಕಿ, ಒಳಗಿನಿಂದ ತಾನೇ ಹಾಕಿಕೊಳ್ಳಬಹುದಾದ ಚಿಲಕ. ತಿಂಗಳಿಗೊಮ್ಮೆ ಬಂದು ಅಕ್ಕನನ್ನು ನೋಡಿಕೊಂಡು ಹೋಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಾಗಲೇ ತಿಂಗಳಿಗೊಮ್ಮೆ ಬರುವುದಿಲ್ಲವೆಂದು ಗೊತ್ತಾಯಿತು. ಮೊದಲು ಅವಳ ಜಾಗ ತೆಗೆದುಕೊಂಡೆ, ಈಗ ಅದನ್ನೂ ಖಾಲಿ ಬಿಟ್ಟು ಹೊರಟೆ. ಈ ವಿಚಾರ ಬಂದರೂ ಸಂತೋಷ ಮಾತ್ರ ಹೋಗಲಿಲ್ಲ. ಅದು ಎದೆಯಲ್ಲಿ ಬೆಚ್ಚಗೆ ಕೂತೇ ಇತ್ತು, ಅದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯ.

ಮೂರೂವರೆಗೆ ಐದು ನಿಮಿಷವಿರುವಾಗ ಮನೆಗೆ ಬಂದ. ಮೋಟಾರು ಓಡುತ್ತಿತ್ತು. ಭಾವನ ಗೊರಕೆ ಕೇಳಿಸುತ್ತಿತ್ತು. ಕಡ್ಡಿ ಇಟ್ಟ ಜಾಗದಲ್ಲೇ ನಿಂತಿತ್ತು. ಕಲ್ಲೂ ಇತ್ತು. ಅಂಚು ಇರಲಿಲ್ಲ. ಮೊದಲು ಅವನು ಬೇರೆ ಯಾವುದೋ ಕಲ್ಲೆಂದುಕೊಂಡು ಮೇಜಿನ ಕೆಳಗೆ ಬಗ್ಗಿ ಹುಡುಕಿದ; ಮನುಷ್ಯ ಇಂಥ ಹೊತ್ತಿನಲ್ಲಿ ಎಷ್ಟು ಬೆಪ್ಪನಾಗುತ್ತಾನೆಂದರೆ ಅವನು ಕಸದ ಬುಟ್ಟಿಯನ್ನೂ ನೋಡಿದ. ಆಮೇಲೆ ಕಡ್ಡಿಯನ್ನು ಕೈಗೆ ತೆಗೆದುಕೊಂಡ. ಕಂದು ಸಿಪ್ಪೆ ಹೋಗಿತ್ತು, ಬಿಳಿ ಪಟ್ಟಿಯೂ ಹೋಗಿತ್ತು. ಸುತ್ತಲೂ ಹಸಿರು, ಸುತ್ತಲೂ ಅಂಚು ಕಟ್ಟಿತ್ತು, ಬೆರಳಾಡಿಸಿದರೆ ಎಲ್ಲೂ ತಡೆಯಲಿಲ್ಲ. ಅವನಿಗೆ ಕೂಗಬೇಕೆನಿಸಿತು, ಆದರೆ ಕೂಗಿದರೆ ಭಾವ ಏಳುತ್ತಾನೆ. ಒಣಗಿದೆಯೋ ನೋಡಲು ಅಭ್ಯಾಸದಂತೆ ಊದಿ ಕಿಟಕಿಗೆ ಹಿಡಿದ. ಗೀರಿಲ್ಲ. ಗೀರಿಲ್ಲ ಎನ್ನುವುದು ಸರಿಯಲ್ಲ, ಕಲ್ಲಿಗೆ ಮೈಯೇ ಇಲ್ಲದಂತೆ, ಬೆಳಕು ನೇರ ಒಳಗೆ ಹೋಗಿ ಅಲ್ಲೇ ಕೂತಂತೆ ಇತ್ತು. ಬೆನ್ನಿನ ನೆತ್ತಿ ನಡುವಿನಿಂದ ಒಂದು ಎಳೆಯಷ್ಟು ಬಲಕ್ಕೆ ವಾಲಿತ್ತು. ಪ್ರತಿ ಕೈಗೂ ಅದರದೇ ವಾಲು ಇರುತ್ತದೆ. ಅವನದು ಎಡಕ್ಕೆ, ಅಪ್ಪನದೂ ಎಡಕ್ಕೆ ಇತ್ತು. ಬಲಕ್ಕೆ ವಾಲುವುದು ಎಡಗೈಯವರ ಕಲ್ಲು ಮಾತ್ರ. ಅವನು ತಗಡಿನ ಮರೆಯ ಕಡೆ ನೋಡಿದ. ಎಡಗಡೆಯ ತೂತಿನ ಬಟ್ಟೆ ಕಿತ್ತು ಮೇಜಿನ ಮೇಲಿತ್ತು, ಆ ಕಡೆಯ ನೆಲವೆಲ್ಲ ಒದ್ದೆಯಾಗಿತ್ತು.

ಪರದೆ ಸರಿಸಿ ಒಳಗೆ ಹೋದಾಗ ಅವಳು ಲೋಟ ಒರೆಸುತ್ತಿದ್ದಳು. ಏನು ಮಾಡಿದೆ ಅಕ್ಕ, ಎಂದು ಪಿಸುಗುಟ್ಟಿದ. ಅಂಚು ಹಾಗೇ ಉಳಿದಿತ್ತು, ಎಂದಳು. ಬೆಳಿಗ್ಗೆ ಹೇಳಿದ್ದೆನಲ್ಲ ಎಂದ. "ಹೇಳಿದ್ದೆ," ಅಂದಳು. ಅವಳು ಮರೆತೆ ಎನ್ನಬಹುದಿತ್ತು, ತಪ್ಪಾಯಿತು ಎನ್ನಬಹುದಿತ್ತು. ಅನ್ನಲಿಲ್ಲ. ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದಳು. "ಸುಮ್ನೆ ಒಂದ್ಸಲ ಕೂತು ನೋಡೋಣ ಅಂತ ಕೂತೆ. ಹಿಂದಿಂದು ಇಳಿಜಾರು ಸರಿಯಾಗಿ ಬಂದಿರಲಿಲ್ಲ, ಅದೊಂದು ತೆಗ್ದು ಏಳೋಣ ಅಂದ್ಕೊಂಡೆ. ಆಮೇಲೆ ನಿಲ್ಸೋಕಾಗ್ಲಿಲ್ಲ ಕಣೋ." ಇದು ನಿಜವೆಂದು ಸಣ್ಣನಿಗೆ ಗೊತ್ತಾಯಿತು. ಅವಳು ಹೇಳದೆ ಉಳಿಸಿಕೊಂಡದ್ದೂ ನಿಜವೇ ಎಂದು ಗೊತ್ತಾಯಿತು: ಅವನು ಹೋಗುವುದು ಅವಳಿಗೆ ಬೇಕಿರಲಿಲ್ಲ. ಅವಳ ಕೈ ತನ್ನ ಆಸೆಗೆ ಕೂತಿತು, ಮನಸ್ಸು ತನ್ನ ಆಸೆಗೆ ಅದನ್ನು ತಡೆಯಲಿಲ್ಲ. ಅವನಿಗೆ ಸಿಟ್ಟು ಬಂತು. ತನ್ನ ಜೀವಮಾನದಲ್ಲಿ ತಾನೇ ನಿಲ್ಲಿಸಿದ ಒಂದೇ ಒಂದು ಕಲ್ಲು, ಅದನ್ನೂ ಉಳಿಸಲಿಲ್ಲವಲ್ಲ ಇವಳು ಎಂದು ಅಳು ಬರುವಷ್ಟು ಸಿಟ್ಟು. ಆ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಕಂಡು ಅವನು ಹೆದರಿದ. ಸದ್ಯ, ಇನ್ನು ಹೋಗುವ ಹಾಗಿಲ್ಲ. ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವರೆದುರು ಪ್ರತಿ ದಿನ ಹೀಗೆ ಅಂಗೈ ಬೆವರಿಸಿಕೊಳ್ಳುವ ಹಾಗಿಲ್ಲ. ನಾಳೆ ಭಾವ ಗೆರೆ ಎಳೆದು ಕೊಡುತ್ತಾನೆ. ಆ ಸಮಾಧಾನ ಅವನನ್ನು ಬಹಳ ಚಿಕ್ಕವನನ್ನಾಗಿ ಮಾಡಿತು. ಕಡ್ಡಿಯನ್ನು ಫ್ರಿಜ್ಜಿನಲ್ಲಿಟ್ಟ.

ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಭಾವ ಮುಖ ತೊಳೆದು ಇಸ್ತ್ರಿ ಅಂಗಿಯಲ್ಲಿದ್ದ. ಸಣ್ಣ ಕಲ್ಲನ್ನು ಒಂದು ಬಿಳಿ ಬಟ್ಟೆಯ ಮೇಲಿಟ್ಟು ಮುಂದಕ್ಕೆ ಸರಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವರು ಅದನ್ನು ಒಂದು ಸುತ್ತು ತಿರುಗಿಸಿ, ಅಂಚು ಎಲ್ಲಿ ಎಂದು ಕೇಳಿದರು. ಇವನ ಕೈಗೆ ಅರ್ಧಕ್ಕೆ ಬಿಡುವುದು ಬರುವುದಿಲ್ಲ ಮೇಡಂ, ನಾನು ಅವತ್ತೇ ಅಂದುಕೊಂಡೆ, ಎಂದು ಭಾವ ನಕ್ಕ. ಆ ನಗೆಯಲ್ಲಿ ಒಂದು ಪ್ರೀತಿಯೂ ಇತ್ತು. ಮನೆಯ ವಸ್ತು ಮನೆಯಲ್ಲೇ ಉಳಿಯಿತೆನ್ನುವವರ ಪ್ರೀತಿ. ಸಣ್ಣ ನೆಲ ನೋಡುತ್ತಿದ್ದ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದವನು ತಲೆಯೆತ್ತಿದಾಗ ಮೇಡಂ ಕಿಟಕಿಯ ಹತ್ತಿರ ಹೋಗಿದ್ದರು. ಕಲ್ಲಿಗೆ ಊದಿದರು. ಓರೆ ಮಾಡಿದರು. ಚೀಲದಿಂದ ಮಸೂರ ತೆಗೆದು ಕಣ್ಣಿಗಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಭಾವನ ನಗು ಹಾಗೇ ನಿಂತು ಬಾಡಿತು. "ಅಂಚು ಬಿಡೋದನ್ನ ಒಂದು ವಾರದಲ್ಲಿ ಯಾರಿಗಾದ್ರೂ ಕಲಿಸ್ಬಹುದು," ಎಂದರು. "ಈ ಮೆರುಗು ಕಲಿಸೋಕೆ ಬರಲ್ಲ. ನಾನು ಎಷ್ಟು ಕಡೆ ಹುಡುಕಿದ್ದೀನಿ ಗೊತ್ತಾ ಇಂಥ ಕೈನ? ಸೋಮವಾರ ಬಂದ್ಬಿಡಿ."

ಅಕ್ಕ ಪರದೆಯ ಹತ್ತಿರ ನಿಂತಿದ್ದಳು. ನೀರಿನ ಲೋಟಗಳ ತಟ್ಟೆ ಕೈಯಲ್ಲಿತ್ತು. ಮೇಡಂ ಆ ಮಾತಾಡುವಾಗ ಸಣ್ಣ ನೋಡಿದ್ದು ಅವಳ ಮುಖವನ್ನು. ನಲವತ್ತೊಂದು ವರ್ಷದ, ಹಣೆಯಲ್ಲಿ ಗೆರೆ ಬಿದ್ದ, ದಿನವೂ ಕಂಡು ಕಂಡು ಕಾಣುವುದೇ ನಿಂತುಹೋಗಿದ್ದ ಆ ಮುಖ ಕೆಂಪಾಗಿತ್ತು. ಅವಳು ಕೆಳತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಅವಳ ಕಲ್ಲನ್ನು ಅಪ್ಪ ಬಂದವರಿಗೆಲ್ಲ ತನ್ನದೆಂದು ತೋರಿಸುತ್ತಿದ್ದಾಗ ಅವಳು ಹೀಗೇ ಎಲ್ಲೋ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಿರಬೇಕು. ಅವನು ತಿರುಗಿ ನೋಡಿರಲಿಲ್ಲ ಅಷ್ಟೇ. ಸುಮ್ಮನಿದ್ದರೆ ಸಾಕಾಗಿತ್ತು. ಕೋಣೆ, ಕಿಟಕಿ, ಚಿಲಕ ಎಲ್ಲ ಬಂದು ಮುಂದೆ ನಿಂತಿದ್ದವು. ಆದರೆ ಆ ಮೆರುಗನ್ನು ತನ್ನದೆಂದು ಒಪ್ಪಿಕೊಂಡು ಅಲ್ಲಿಗೆ ಹೋಗಿ ಕೂತರೆ ಮೊದಲ ಕಲ್ಲಿಗೇ ಬಣ್ಣ ಬಯಲಾಗುತ್ತದೆ. ನಿಜ ಹೇಳಿದರೆ ಭಾವನೆದುರು ಅವಳ ಗತಿಯೇನು ಎಂಬುದೂ ಹೊಳೆಯಿತು. ಯಾವ ಕಡೆ ಸರಿದರೂ ಗೋಡೆ. ಎರಡೂ ಹೊಳೆದ ಮೇಲೂ ನಾಲಗೆ ತಡೆಯಲಿಲ್ಲ. ಅದು ಧೈರ್ಯವೋ, ಇನ್ನು ತಡೆದುಕೊಳ್ಳಲಾರದ ದೌರ್ಬಲ್ಯವೋ ಅವನಿಗೆ ಮುಂದೆಯೂ ತಿಳಿಯಲಿಲ್ಲ.

"ಅದು ನನ್ನ ಕೈಯಲ್ಲ ಮೇಡಂ," ಎಂದ. "ಅಕ್ಕನದು."

ಭಾವ ಮೊದಲು ಸಣ್ಣನನ್ನು, ಆಮೇಲೆ ಹೆಂಡತಿಯನ್ನು ನೋಡಿದ. ಅವನ ದೃಷ್ಟಿ ಇಳಿಯುತ್ತ ಮೇಜಿನ ಮೇಲೆ ಬಿದ್ದಿದ್ದ ಬಟ್ಟೆಯ ತುಂಡಿಗೂ, ಇನ್ನೂ ಆರದ ನೆಲಕ್ಕೂ ಹೋಯಿತು. ಅವಳು ಅಡುಗೆಮನೆ ಬಿಟ್ಟು ಈ ಕಡೆ ತಲೆ ಹಾಕುವವಳಲ್ಲ ಮೇಡಂ, ಎಂದ. ನಗಲು ನೋಡಿದ, ಆಗಲಿಲ್ಲ. ಮೇಡಂ ಅಕ್ಕನ ಕಡೆ ತಿರುಗಿದರು. ಹೌದಾ, ಎಂದು ಮೆಲ್ಲಗೆ ಕೇಳಿದರು. ಅವರು ಮಸೂರವನ್ನು ಮಡಚಿರಲಿಲ್ಲ. ಹೌದು ಎಂದು ಒಂದು ಮಾತು ಬಂದಿದ್ದರೆ ಅವರು ನಂಬುತ್ತಿದ್ದರು, ಅದು ಸಣ್ಣನಿಗೂ ಕಂಡಿತು, ಅಕ್ಕನಿಗೂ ಕಂಡಿತು. ಹೇಳು, ಹೇಳು ಎಂದು ಅವನು ಮನಸ್ಸಿನಲ್ಲೇ ಅವಳ ಕಾಲು ಹಿಡಿದ. ಅವಳು ಭಾವನ ಕಡೆ ನೋಡಲಿಲ್ಲ, ಸಣ್ಣನನ್ನೇ ನೋಡಿದಳು, ನೋಡಿ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಇಲ್ಲ ಮೇಡಂ. ನಾನು ಚಕ್ರ ಮುಟ್ಟಿ ಎಷ್ಟೋ ವರ್ಷ ಆಯ್ತು. ಅವನದೇ. ಯಾರಾದ್ರೂ ಹೊಗಳಿದ್ರೆ ಹೀಗೇ ಏನಾದ್ರೂ ಹೇಳಿ ತಪ್ಪಿಸ್ಕೋತಾನೆ. ಸೋಮವಾರ ಬರ್ತಾನೆ, ನೀವು ಯೋಚ್ನೆ ಮಾಡ್ಬೇಡಿ."

ಮೇಡಂ ಒಂದು ಕ್ಷಣ ಇಬ್ಬರನ್ನೂ ನೋಡಿ, ಸಂಕೋಚದವರು ಕಾಣುತ್ತೆ ಎಂದು ನಕ್ಕು, ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ವಿಳಾಸ ಬರೆದ ಚೀಟಿ ಕೊಟ್ಟರು. ನೀರು ಕುಡಿದರು. ಭಾವ ಅವರನ್ನು ರಸ್ತೆಯ ತಿರುವಿನವರೆಗೆ ಬಿಡಲು ಹೊರಟ. ಹೊಸ್ತಿಲಲ್ಲಿ ಒಮ್ಮೆ ನಿಂತು ಒದ್ದೆ ನೆಲದ ಕಡೆ ಮತ್ತೆ ನೋಡಿ, ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡ. ಏನೂ ಅನ್ನದ ಭಾವ ಎಷ್ಟು ದಿನ ಏನೂ ಅನ್ನದೆ ಇರಬಲ್ಲನೆಂಬುದು ಮನೆಯವರಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಸಣ್ಣ ಚೀಟಿ ಹಿಡಿದು ನಿಂತೇ ಇದ್ದ. ನಾನು ಹೋಗುವುದಿಲ್ಲ ಎಂದ. ಯಾಕೆ ಇಲ್ಲ ಅಂದೆ, ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು, ನಿನ್ನನ್ನೇ ಕರೆದುಕೊಂಡು ಹೋಗುತ್ತಿದ್ದರು, ಎಂದ. ಅವಳು ಲೋಟಗಳನ್ನು ಎತ್ತಿ ತಟ್ಟೆಗೆ ಜೋಡಿಸುತ್ತಿದ್ದಳು. ಉಗುರಿನ ಸುತ್ತ ಬೂದು ಕೆಸರು ಒಣಗಿತ್ತು. ಎಲ್ಲಿಗೆ ಹೋಗಲೋ ನಾನು, ಎಂದಳು, ಅದರಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ನಾನು ಅಲ್ಲಿ ಏನು ತೋರಿಸಲಿ ಎಂದು ಅವನು ಕೇಳಿದ. ಸಾಣೆಯ ವಿಷಯ ಕೇಳಿದಾಗ ಮಾತ್ರ ಅವಳ ಕತ್ತು ಹೀಗೆ ಒಂಚೂರು ವಾಲುತ್ತದೆ.

"ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದೆ," ಎಂದಳು. "ಮಧ್ಯಾಹ್ನ ಅವ್ರು ಮಲಗಿದ್ಮೇಲೆ ಕೂತ್ಕೋ. ನಾನು ಹಿಂದೆ ನಿಂತು ಹೇಳ್ಕೊಡ್ತೀನಿ."

ಸಣ್ಣ ಲೆಕ್ಕ ಹಾಕಿದ. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ದಿನಕ್ಕೆ ಎರಡರಿಂದ ಮೂರೂವರೆ, ಒಂದೂವರೆ ಗಂಟೆ. ಒಟ್ಟು ಆರು ಗಂಟೆ. ಅವಳು ಅದನ್ನು ಎಂಟು ವರ್ಷದಲ್ಲಿ ಕಲಿತಿದ್ದಳು.